ನಾಲ್ಕು ಮಾತು ಕೊಟ್ಟ, ನಾಲ್ಕೂ ನಡೆಸಿದ

ದೊಡ್ಡಪ್ಪ (ಬಂದದ್ದನ್ನು ಮುಂದಕ್ಕೆ ಕಳುಹಿಸಿದ್ದು): ಜೇಮ್ಸ್ ಪೋಲ್ಕ್, ಅಮೆರಿಕದ 11ನೆಯ ಅಧ್ಯಕ್ಷ. ಸುಂಕ ಇಳಿಸುವುದು, ಸರ್ಕಾರದ ಸ್ವಂತ ಖಜಾನೆ, ಓರೆಗಾನ್ ಪಡೆಯುವುದು, ಕ್ಯಾಲಿಫೋರ್ನಿಯಾ ಪಡೆಯುವುದು: ಮತದಾರರಿಗೆ ಈ ನಾಲ್ಕು ಮಾತು ಕೊಟ್ಟ. ನಾಲ್ಕೇ ವರ್ಷದಲ್ಲಿ ನಾಲ್ಕನ್ನೂ ಮುಗಿಸಿ, ಮತ್ತೆ ಚುನಾವಣೆಗೆ ನಿಲ್ಲದೆ ಮನೆಗೆ ಹೋದ. ಹತ್ತು ಜನರಿಗೆ ಕಳುಹಿಸಿ!

ದೊಡ್ಡಪ್ಪ: ನುಡಿದಂತೆ ನಡೆಯುವುದೆಂದರೆ ಇದು.

ಶಾಲಿನಿ: ದೊಡ್ಡಪ್ಪ, ಕ್ಯಾಲಿಫೋರ್ನಿಯಾದ ಮಾತನ್ನು ಮತದಾರರಿಗೆ ಕೊಟ್ಟಿರಲಿಲ್ಲ. 1844ರ ಪಕ್ಷದ ನಿರ್ಣಯದಲ್ಲಿ ಇದ್ದದ್ದು ಟೆಕ್ಸಾಸ್ ಮತ್ತು ಓರೆಗಾನ್. ಉಳಿದದ್ದು ನೌಕಾಪಡೆಯ ಕಾರ್ಯದರ್ಶಿ ಬ್ಯಾಂಕ್ರಾಫ್ಟ್ ಬಳಿ ಆಡಿದ ಮಾತು. ಬ್ಯಾಂಕ್ರಾಫ್ಟ್ ಅದನ್ನು ಹೇಳಿದ್ದು ಎಷ್ಟೋ ದಶಕಗಳ ಮೇಲೆ.

ದೊಡ್ಡಪ್ಪ: ಯಾರ ಬಳಿ ಹೇಳಿದರೇನು, ಮಾಡಿದನೋ ಇಲ್ಲವೋ? ಬ್ಯಾಂಕಿನಲ್ಲಿ ಸವೆದವನು ನಾನು. ಸರ್ಕಾರದ ಹಣವನ್ನು ಖಾಸಗಿ ಬ್ಯಾಂಕುಗಳಿಂದ ಬಿಡಿಸಿದ 1846ರ ಆ ಕಾನೂನು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬರುವವರೆಗೂ ನಿಂತಿತ್ತು. ಸುಂಕವನ್ನೂ ಅದೇ ವರ್ಷ ಇಳಿಸಿದ. ಇದೇನು ಸಣ್ಣ ಕೆಲಸವೇ?

ಶಾಲಿನಿ: ಅದನ್ನು ಒಪ್ಪುತ್ತೇನೆ. ನನ್ನ ತಕರಾರು ಇರುವುದು ಗಡಿಯಾಚೆ. ಓರೆಗಾನ್‌ನಲ್ಲಿ ಎದುರಿಗಿದ್ದದ್ದು ಬ್ರಿಟನ್. ಪೂರ್ತಿ ನಮ್ಮದು ಎಂದು ಅಬ್ಬರಿಸಿ, ಕೊನೆಗೆ 49ನೆಯ ಅಕ್ಷಾಂಶದಲ್ಲಿ ಗಡಿ ಹಾಕಿ ನೆಲ ಹಂಚಿಕೊಳ್ಳಲು ತೆಪ್ಪಗೆ ಒಪ್ಪಿದ. ಎದುರಿಗಿದ್ದವರು ಮೆಕ್ಸಿಕೋದವರಾದಾಗ ಸೈನ್ಯ ಹೊರಟಿತು.

ರಘು: ನಾನಿರುವ ಸ್ಯಾನ್ ಆಂಟೋನಿಯೊದಿಂದ ದಕ್ಷಿಣಕ್ಕೆ ಕಾರಿನಲ್ಲಿ ಹೊರಟರೆ ಮೊದಲು ನ್ಯೂಸೆಸ್ ನದಿ ಸಿಗುತ್ತದೆ. ಇನ್ನೂ ಒಂದು ಗಂಟೆ ಓಡಿಸಿದರೆ ಲರೇಡೊ, ಅಲ್ಲಿ ರಿಯೊ ಗ್ರಾಂಡೆ. ಟೆಕ್ಸಾಸ್ ಮುಗಿಯುವುದು ಮೊದಲನೆಯ ನದಿಗೆ ಎಂದು ಮೆಕ್ಸಿಕೋ, ಎರಡನೆಯದಕ್ಕೆ ಎಂದು ಪೋಲ್ಕ್.

ಶಾಲಿನಿ: ಆ ನಡುವಿನ ನೆಲಕ್ಕೇ ಸೈನ್ಯ ನುಗ್ಗಿಸಿದ. 1846ರ ಮೇ 9, ಶನಿವಾರ. ಯುದ್ಧ ಸಾರಬೇಕೆಂದು ಮಂತ್ರಿಮಂಡಲದಲ್ಲಿ ಹಗಲೇ ತೀರ್ಮಾನವಾಗಿತ್ತು. ಕಾರಣ, ಮೆಕ್ಸಿಕೋ ಹಳೆಯ ಬಾಕಿ ತೀರಿಸಿಲ್ಲ, ದೂತನನ್ನು ಬರಮಾಡಿಕೊಂಡಿಲ್ಲ. ಗಡಿಯಲ್ಲಿ ಅಮೆರಿಕದ ಸೈನಿಕರು ಸತ್ತರೆಂಬ ಸುದ್ದಿ ವಾಷಿಂಗ್ಟನ್ ಮುಟ್ಟಿದ್ದು ಅದೇ ಸಂಜೆ. ಸೋಮವಾರ ಕಾಂಗ್ರೆಸ್ಸಿನ ಮುಂದೆ ಬಂದದ್ದು ಮಾತ್ರ ‘ಅಮೆರಿಕದ ನೆಲದಲ್ಲಿ ಅಮೆರಿಕನ್ನರ ರಕ್ತ’. ಆ ನೆಲ ಯಾವುದು, ಜಾಗ ತೋರಿಸಿ ಎಂದು ಮುಂದಿನ ವರ್ಷ ಕೇಳಿದವನು ಹೊಸ ಸಂಸದ ಲಿಂಕನ್.

ಅತ್ತೆ: ಭಾನುವಾರದ ಪೂಜೆಗೆ ಎಷ್ಟು ಜನ ಬರುತ್ತೀರಿ ಎಂದು ನಿನ್ನೆಯಿಂದ ಕೇಳುತ್ತಿದ್ದೇನೆ.

ದೊಡ್ಡಪ್ಪ: ನಾವು ಇಬ್ಬರು. ಶಾಲಿನಿ, ಅವನು ಮೆಕ್ಸಿಕೋದ ನೆಲವನ್ನು ಬಿಟ್ಟಿಯಾಗಿ ಕಿತ್ತುಕೊಳ್ಳಲಿಲ್ಲವಲ್ಲ! ಒಂದೂವರೆ ಕೋಟಿ ಡಾಲರ್ ಎಣಿಸಿ ಕೊಟ್ಟ.

ರಘು: ಅವರ ರಾಜಧಾನಿಯಲ್ಲೇ ಸೈನ್ಯ ಕೂರಿಸಿಕೊಂಡು ಎಣಿಸಿದ್ದು ದೊಡ್ಡಪ್ಪ. ಯುದ್ಧ ಮುಗಿಸಿ ಕ್ಯಾಲಿಫೋರ್ನಿಯಾವನ್ನು ಅಮೆರಿಕಕ್ಕೆ ಕೊಟ್ಟ ಆ ಒಪ್ಪಂದಕ್ಕೆ 1848ರ ಫೆಬ್ರವರಿ 2ರಂದು ಸಹಿ ಬಿತ್ತು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ ಒಂಬತ್ತು ದಿನವಾಗಿತ್ತು, ಸಹಿ ಹಾಕಿದವರಿಗೆ ಗೊತ್ತೇ ಇರಲಿಲ್ಲ!

ಶಾಲಿನಿ: ಇನ್ನೊಂದು. ಅಧ್ಯಕ್ಷನಾಗಿದ್ದಾಗಲೇ ಮಧ್ಯವರ್ತಿಗಳ ಮೂಲಕ, ಹೊರಗೆ ಗೊತ್ತಾಗದಂತೆ, ಮಿಸಿಸಿಪ್ಪಿಯ ತನ್ನ ಹತ್ತಿ ತೋಟಕ್ಕೆ ಗುಲಾಮರನ್ನು ಕೊಂಡ. ಅವರಲ್ಲಿ ಮಕ್ಕಳಿದ್ದರು. ಹೊಸ ನೆಲದಲ್ಲಿ ಗುಲಾಮಗಿರಿ ಬೇಡವೆಂದು ಸಂಸದ ವಿಲ್ಮಟ್ ತಂದ ಪ್ರಸ್ತಾಪವನ್ನು ವಿರೋಧಿಸಿದವನೂ ಇವನೇ. ನಿಮ್ಮ ಸಂದೇಶದಲ್ಲಿ ಇದಕ್ಕೆ ಜಾಗ ಸಿಗಲಿಲ್ಲ.

ದೊಡ್ಡಪ್ಪ: ಮಕ್ಕಳೇ?

ಶಾಲಿನಿ: ಹೌದು. ಹದಿಮೂರು, ಹದಿನಾಲ್ಕರವರು.

ದೊಡ್ಡಪ್ಪ: ಖಜಾನೆಯ ವಿಷಯದಲ್ಲಿ ನಾನು ಹೇಳಿದ್ದೇ ಸರಿ. ಉಳಿದದ್ದನ್ನು ಭಾನುವಾರ ಊಟಕ್ಕೆ ಕೂತಾಗ ಮಾತಾಡೋಣ. ಇದನ್ನು ಆಗಲೇ ಮೂರು ಗುಂಪಿಗೆ ಕಳುಹಿಸಿಬಿಟ್ಟಿದ್ದೇನೆ, ಅಳಿಸುವುದು ಹೇಗೆ?