ಅಪ್‌ಡೇಟ್: ಅಡಿಕೆ ದುಡ್ಡು ಎಲ್ಲಿಡೋದು ಅಂತ ಕೇಳಿದ್ದೆನಲ್ಲ

ಚನ್ನಗಿರಿ ತೋಟದ ಅಡಿಕೆ ಮಾರಿದ 12 ಲಕ್ಷ ಎಲ್ಲಿಡೋದು, ಷೇರುಪೇಟೆ ಬೀಳುವಾಗ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟೋ ಕಂತು) ನಿಲ್ಲಿಸಬೇಕಾ ಅಂತ ಕೇಳಿದ್ದೆ. ನಿಲ್ಲಿಸಲಿಲ್ಲ. ದರ ಇಳಿದಾಗ ಅದೇ ಕಂತಿಗೆ ಫಂಡಿನ ಯೂನಿಟ್ (ಪಾಲು) ಜಾಸ್ತಿ ಸಿಗುತ್ತೆ, ಎಸ್‌ಐಪಿಗೆ ಹಾಕಿದ ದುಡ್ಡು ಸದ್ಯಕ್ಕೆ ಬೇಕಾಗಿಯೂ ಇಲ್ಲ.

ಓಡಾಡಿದ್ದೆಲ್ಲ ಆ 12 ಲಕ್ಷದ ಠೇವಣಿಗೆ. ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದವರು ಬ್ಯಾಂಕಿಗಿಂತ ಜಾಸ್ತಿ ಬಡ್ಡಿ ಕೊಡ್ತೀವಿ ಅಂದರು. ಠೇವಣಿ ವಿಮೆ (ದುಡ್ಡಿಟ್ಟ ಬ್ಯಾಂಕು ಮುಳುಗಿದರೆ ಒಂದು ಮಿತಿವರೆಗೆ ದುಡ್ಡು ವಾಪಸ್ ಕೊಡೋ ವಿಮೆ) ಇದೆಯಾ ಅಂದೆ. ಟೀ ತರಿಸಿದರು, ಕ್ಯಾಲೆಂಡರ್ ಕೊಟ್ಟರು, ಉತ್ತರ ಮಾತ್ರ ಬರಲಿಲ್ಲ! ಆ ವಿಮೆ ಸಹಕಾರಿ ಬ್ಯಾಂಕುಗಳಿಗೂ ಇದೆ, ಪತ್ತಿನ ಸಂಘಗಳಿಗಿಲ್ಲ. 2020ರಿಂದ ಮಿತಿ 5 ಲಕ್ಷ, ಅಸಲು ಬಡ್ಡಿ ಎರಡೂ ಸೇರಿ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಯಲ್ಲಿಟ್ಟರೂ ಲೆಕ್ಕ ಒಟ್ಟಿಗೇ. ಹಾಗಾಗಿ ಮೂರು ಬ್ಯಾಂಕಿಗೆ ನಾಲ್ಕು ನಾಲ್ಕು ಲಕ್ಷ ಹಂಚಿದೆ. ಅಪ್ಪ ಇನ್ನೂ 'ಬಂಗಾರ ತಗೋಬೇಕಿತ್ತು' ಅಂತಲೇ ಇದ್ದಾರೆ.