ಕುಸ್ತಿ ಕಲಿಯುತ್ತಿರುವ ಮಗಳನ್ನು ಜೂಡೊಗೂ ಸೇರಿಸಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗಳಿಗೆ 12 ವರ್ಷ. ಫ್ರೀಸ್ಟೈಲ್ ಕುಸ್ತಿ ಕಲಿಯುತ್ತಿದ್ದಾಳೆ. ಈಗ ಅವಳ ಶಾಲೆಯಲ್ಲಿ ಜೂಡೊ ತರಗತಿ ಶುರುವಾಗಿದೆ. ಎರಡೂ ಎದುರಾಳಿಯನ್ನು ಕೆಡಹುವ ಆಟಗಳೇ ಅಲ್ಲವೇ? ಒಟ್ಟಿಗೆ ಕಲಿತರೆ ಗೊಂದಲವಾಗುತ್ತದೆಯೇ?

ಉತ್ತರ (ಕುಸ್ತಿ ತರಬೇತುದಾರ): ಧಾರಾಳವಾಗಿ ಸೇರಿಸಿ. ಮೊದಮೊದಲು ಗೊಂದಲ ಆಗಿಯೇ ಆಗುತ್ತದೆ, ಅದೂ ಹಿಡಿತದಲ್ಲಿ. ಕುಸ್ತಿಯಲ್ಲಿ ಬಟ್ಟೆ ಹಿಡಿಯುವಂತಿಲ್ಲ. ಬೆವರಿ ಜಾರುವ ಮೈಯಲ್ಲಿ ಮಣಿಕಟ್ಟು, ಕತ್ತು, ತೊಡೆ ಎಲ್ಲಿ ಸಿಕ್ಕರೆ ಅಲ್ಲಿ ಪಟ್ಟು ಹಾಕಬೇಕು. ಜೂಡೊದಲ್ಲಿ ದಪ್ಪ ಹತ್ತಿಯ ಅಂಗಿಯೇ ಹಿಡಿ. ಒಂದು ಕೈಯಲ್ಲಿ ಎದೆಯ ಬಳಿಯ ಪಟ್ಟಿ, ಇನ್ನೊಂದರಲ್ಲಿ ತೋಳು. ತೋಳನ್ನು ಎಳೆದಾಗ ಎದುರಾಳಿಯ ಭಾರವೆಲ್ಲ ಮುಂದಿನ ಪಾದಕ್ಕೆ ಬರುತ್ತದೆ. ಆ ಗಳಿಗೆಯಲ್ಲೇ ಬೆನ್ನು ತಿರುಗಿಸಿ, ಸೊಂಟ ಒಳಗೆ ಕೊಟ್ಟು ಎತ್ತಿ ಹಾಕಬೇಕು. ನಮ್ಮ ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯನ್ನು ಬೆನ್ನ ಮೇಲಿಂದ ಎತ್ತಿ ಹಾಕುವ ಧೋಬಿ ಪಛಾಡ್ ಪಟ್ಟು ನೋಡಿದವರಿಗೆ ಇದು ಅಪರಿಚಿತವಲ್ಲ. ಆದರೆ ಗುರಿ ತಪ್ಪಿದರೆ ಕುಸ್ತಿಯಲ್ಲಿ ಬೆನ್ನು ಕೊಟ್ಟಂತೆಯೇ, ಎದುರಾಳಿಗೆ ಅಂಕ. ಹಾಗಾಗಿ ಕುಸ್ತಿಯ ಮಕ್ಕಳು ತಿರುಗಲು ಹೆದರುತ್ತಾರೆ.

ಬಗ್ಗಿ ಕಾಲಿಗೆ ನುಗ್ಗುವುದು ನಿಮ್ಮ ಮಗಳಿಗೆ ರೂಢಿಯಾಗಿರುತ್ತದೆ. ಜೂಡೊದಲ್ಲಿ ಅದಕ್ಕೆ 2010ರಲ್ಲಿ ಕಡಿವಾಣ ಬಿದ್ದು, 2013ರ ಹೊತ್ತಿಗೆ ಕೈಯಿಂದ ಕಾಲು ಹಿಡಿಯುವುದೇ ನಿಷಿದ್ಧವಾಯಿತು.

ಪ್ರಶ್ನೆ: ಗೆಲುವಿನ ಲೆಕ್ಕವೂ ಬೇರೆಯೇ, ಸರ್?

ಉತ್ತರ: ಪೂರ್ತಿ ಬೇರೆ. ಕುಸ್ತಿಯಲ್ಲಿ ಎದುರಾಳಿಯ ಎರಡೂ ಭುಜ ಮ್ಯಾಟಿಗೆ ಒತ್ತಿದರೆ ಚಿತ್, ಅಲ್ಲಿಗೇ ಗೆಲುವು. ಇಲ್ಲವಾದರೆ ಅಂಕಗಳ ಆಟ, 10 ಅಂಕ ಮುಂದಾದರೆ ಪಂದ್ಯ ಮುಗಿಯಿತು. ಒಮ್ಮೆ ಬಿದ್ದವಳು ಎದ್ದು ಗೆಲ್ಲಬಹುದು. ಜೂಡೊದಲ್ಲಿ ರಭಸದಿಂದ ಅಂಗಾತ ಬಿದ್ದರೆ ಎದುರಾಳಿಗೆ ಇಪ್ಪಾನ್, ಅಂದರೆ ಪೂರ್ಣ ಅಂಕ; ಅಲ್ಲಿಗೇ ಸೋಲು. ನೆಲದ ಮೇಲೆ 20 ಸೆಕೆಂಡು ಅದುಮಿ ಹಿಡಿದರೂ ಗೆಲುವು.

ನಾನು ಜೂಡೊಗೆ ಕಳುಹಿಸಿ ಎನ್ನುವುದು ಬೀಳುವ ಪಾಠಕ್ಕಾಗಿ. ಗದ್ದ ಎದೆಗೆ ಒತ್ತಿ, ಅಂಗೈಯಿಂದ ಮುಂದೋಳಿನವರೆಗೆ ಒಮ್ಮೆಲೇ ನೆಲಕ್ಕೆ ಬಡಿಯುವುದನ್ನು ಅಲ್ಲಿ ಮೊದಲೇ ಕಲಿಸುತ್ತಾರೆ. ಅದು ಗೊತ್ತಿಲ್ಲದ ಮಗು ಬೀಳುವಾಗ ಕೈ ಊರುತ್ತದೆ. ಮಣಿಕಟ್ಟು, ಮೊಣಕೈ ಮುರಿಯುವುದು ಹಾಗೆಯೇ.

ಇನ್ನೊಬ್ಬರ ಪ್ರಶ್ನೆ: ಪದಕದ ದೃಷ್ಟಿಯಿಂದ ಯಾವುದು ಮೇಲು?

ಉತ್ತರ: ಕುಸ್ತಿಯಲ್ಲಿ ನಮಗೆ 1952ರ ಹೆಲ್ಸಿಂಕಿಯಲ್ಲಿ ಕೆ.ಡಿ. ಜಾಧವ್ ಗೆದ್ದ ಕಂಚಿನಿಂದ ಒಲಿಂಪಿಕ್ ಪರಂಪರೆ ಇದೆ. ಜೂಡೊದಲ್ಲಿ 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸುಶೀಲಾ ದೇವಿ, ತುಲಿಕಾ ಮಾನ್ ಬೆಳ್ಳಿ ತಂದರು. 12ರ ವಯಸ್ಸಿಗೆ ಈ ಲೆಕ್ಕಾಚಾರ ಬೇಡ. ಎರಡಕ್ಕೂ ಬೇರೆ ಬೇರೆ ದಿನ ಇಡಿ. ತೂಕದ ವಿಭಾಗಕ್ಕಾಗಿ ಮಗುವಿನ ಊಟ ಕಡಿಮೆ ಮಾಡಿ ಎಂದು ಯಾವ ತರಬೇತುದಾರ ಹೇಳಿದರೂ ಒಪ್ಪಬೇಡಿ.