ತಮ್ಮ ಶೀಟಿನಲ್ಲೂ ತಪ್ಪಿರಬಹುದು ಅಂತ ವಿದ್ಯಾರ್ಥಿಗಳಿಗೆ ಹೇಗೆ ಮನವರಿಕೆ ಮಾಡುತ್ತೀರಿ?

ಪ್ರಶ್ನೆ: ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಎಕ್ಸೆಲ್ ಹೇಳಿಕೊಡುತ್ತಿದ್ದೇನೆ. ಫಾರ್ಮುಲಾ ಎಲ್ಲ ಚೆನ್ನಾಗಿಯೇ ಹಾಕುತ್ತಾರೆ. ಆದರೆ ಉತ್ತರ ಬಂತು ಅಂದರೆ ಮುಗೀತು, ಮತ್ತೆ ತಿರುಗಿ ನೋಡುವುದಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಅನುಭವ 1: ನಾನೂ ಮೊದಲು "ಚೆಕ್ ಮಾಡಿ, ಚೆಕ್ ಮಾಡಿ" ಅಂತ ಗಂಟಲು ಹರಿದುಕೊಂಡವನೇ. ಈಗ ಮೊದಲ ಕ್ಲಾಸಿನಲ್ಲೇ ಹನ್ನೆರಡು ತಿಂಗಳ ಮಾರಾಟದ ಶೀಟ್ ಕೊಡುತ್ತೇನೆ. ಅದರಲ್ಲಿ ಬೇಕಂತಲೇ ನಾಲ್ಕು ತಪ್ಪು ಇಟ್ಟಿರುತ್ತೇನೆ. ಎಷ್ಟಿವೆ ಅಂತ ಬಾಯಿ ಬಿಡುವುದಿಲ್ಲ. ಬಿಟ್ಟರೆ ನಾಲ್ಕು ಸಿಕ್ಕ ಕೂಡಲೇ ಕೈ ಕಟ್ಟಿ ಕೂರುತ್ತಾರೆ.

ಎಲ್ಲರೂ ಎಡವುವುದು ಮಾರ್ಚ್ ತಿಂಗಳಲ್ಲಿ. ಆ ಸಂಖ್ಯೆ ಟೆಕ್ಸ್ಟ್ ಆಗಿ, ಅಂದರೆ ಎಕ್ಸೆಲ್ ಪಾಲಿಗೆ ಬರೀ ಅಕ್ಷರವಾಗಿ ಕೂತಿರುತ್ತದೆ. ಕೂಡುವ ಸಮ್ (SUM) ಫಾರ್ಮುಲಾ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಎರರ್ ಕೂಡ ತೋರಿಸುವುದಿಲ್ಲ. ಮೊತ್ತ ಸುಮ್ನೆ ಕಡಿಮೆ ಬರುತ್ತದೆ. ಉಳಿದ ಸಂಖ್ಯೆಗಳೆಲ್ಲ ಬಲಕ್ಕಿದ್ದರೆ ಇದೊಂದು ಎಡಕ್ಕೆ ಅಂಟಿಕೊಂಡಿರುತ್ತದೆ, ಅದೇ ಸುಳಿವು. ಚೆಂದ ಕಾಣಲಿ ಅಂತ ಎಲ್ಲವನ್ನೂ ಸೆಂಟರ್ ಮಾಡುವವರಿಗೆ ಆ ಸುಳಿವೂ ಹೋಯಿತು!

ಅನುಭವ 2: ನಾನು ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರ ಕಥೆ ಹೇಳುತ್ತೇನೆ. ಸರ್ಕಾರದ ಸಾಲಕ್ಕೂ ಆರ್ಥಿಕ ಬೆಳವಣಿಗೆಗೂ ಇರುವ ನಂಟಿನ ಬಗ್ಗೆ ಅವರು 2010ರಲ್ಲಿ ಬರೆದ ಪ್ರಬಂಧ ದೊಡ್ಡ ಹೆಸರು ಮಾಡಿತ್ತು. ಅದರ ಎಕ್ಸೆಲ್ ಶೀಟಿನಲ್ಲಿ ಒಂದು ಸರಾಸರಿ 49ನೇ ಸಾಲಿನವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಐದು ದೇಶ ಹೊರಗುಳಿದವು. ಸಾಲದ ಲೆಕ್ಕದಲ್ಲಿ ಸಾಲೇ ಬಿಟ್ಟುಹೋಗಿತ್ತು! 2013ರಲ್ಲಿ ಅದು ಬಯಲಾಯಿತು. ಹಿಡಿದದ್ದು ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ, ಕ್ಲಾಸಿನ ಅಸೈನ್‌ಮೆಂಟ್‌ಗೆ ಅದೇ ಲೆಕ್ಕ ಮತ್ತೆ ಮಾಡುವಾಗ. ಇಲ್ಲಿ ಕ್ಲಾಸ್ ನೆಟ್ಟಗೆ ಕೂರುತ್ತದೆ. ಆ ಪ್ರಬಂಧದ ಮೇಲೆ ಇದಕ್ಕಿಂತ ದೊಡ್ಡ ತಕರಾರುಗಳೂ ಇದ್ದವು, ಅದನ್ನೂ ಹೇಳಿಬಿಡಿ. ಎಲ್ಲ ತಪ್ಪನ್ನೂ ಎಕ್ಸೆಲ್ ತಲೆಗೆ ಕಟ್ಟುವುದು ಸರಿಯಲ್ಲ.

ಅನುಭವ 3: ಎಂಟರ್ ಒತ್ತುವ ಮೊದಲು ಉತ್ತರ ಸುಮಾರು ಎಷ್ಟು ಬರಬೇಕು ಅಂತ ಬಾಯಿಲೆಕ್ಕದಲ್ಲಿ ಹೇಳಿಸಿ. ಆಮೇಲೆ ಶೀಟನ್ನು ಪಕ್ಕದವರಿಗೆ ಕೊಡಿಸಿ. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳುವುದು ಕಷ್ಟ ಅಲ್ವಾ? ಇನ್ನೊಂದು, ಶೇ. 8 ಬೆಳವಣಿಗೆ ಅಂದರೆ ಅದನ್ನು ಫಾರ್ಮುಲಾ ಒಳಗೇ ಟೈಪ್ ಮಾಡಲು ಬಿಡಬೇಡಿ. ಅದಕ್ಕೊಂದು ಬೇರೆ ಸೆಲ್ ಇರಲಿ. ಇಲ್ಲದಿದ್ದರೆ ನಾಳೆ 8 ಹೋಗಿ 6 ಆದಾಗ ಯಾವ ಫಾರ್ಮುಲಾದಲ್ಲಿ ಹಳೆಯ 8 ಉಳಿದಿದೆ ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಅನುಭವ 1: ಒಂದು ಮಾತು ಮರೆತೆ. ತಪ್ಪಿಟ್ಟ ಶೀಟಿನ ಫೈಲ್ ಹೆಸರಲ್ಲೇ "ತಪ್ಪಿದೆ" ಅಂತ ಬರೆದಿಡಿ. ಒಂದು ವರ್ಷ ನಾನೇ ಅದನ್ನು ಮಾದರಿ ಶೀಟ್ ಅಂತ ಇಡೀ ಕ್ಲಾಸಿಗೆ ಹಂಚಿದ್ದೆ.